ಕಡ್ಲೆಕಾಯಿ ಎಲ್ಲಿ ಕಡ್ಲೆ ಆಯ್ತು?

ನಮ್ಮಕ್ಕನ ಮಗಳು ಬೆಂಗ್ಳೂರಲ್ಲಿ ಏನು ಕೆಲ್ಸ ಮಾಡ್ತಾಳೆ ಅಂತ ಹೊಳಲ್ಕೆರೆ ಕಡೆಯೋರೆಲ್ಲ ನನ್ನೇ ಕೇಳ್ತೀರ. ಟೈಪ್‌ಸ್ಕ್ರಿಪ್ಟ್ ಅನ್ನೋ ಕಂಪ್ಯೂಟರ್ ಭಾಷೇಲಿ ಎಐ ಆ್ಯಪ್ ಬರೀತಾಳೆ. ಅದ್ರಲ್ಲೂ ಅವ್ಳ ಪಾಲಿಗೆ ಬಂದಿರೋದು ಟ್ರೇಸಿಂಗ್, ಅಂದ್ರೆ ಜಾಡು ಹಿಡಿಯೋ ಕೆಲ್ಸ. ನಂಗೆ ತಿಳಿದಂಗೆ ಹೇಳ್ತೀನಿ ಕೇಳ್ರಮ್ಮ.

ಫೋನಿಗೆ ಮಾತಾಡಿ ಪ್ರಶ್ನೆ ಕೇಳಿದ್ರೆ ಉತ್ತರ ಒಂದೇ ಏಟಿಗೆ ಬರಲ್ಲ. ಮೊದ್ಲು ನಮ್ಮ ದನಿ ಅಕ್ಷರ ಆಗ್ಬೇಕು, ಆಮೇಲೆ ಇಂಗ್ಲಿಷು, ಆಮೇಲೆ ಸರ್ಕಾರದ ಕಾಗದಗಳಲ್ಲಿ ಹುಡುಕಾಟ, ಉತ್ತರ ಬರೆಯೋದು, ತಿರುಗಿ ಕನ್ನಡ. 2023ರಲ್ಲಿ ಬಂದ ಜುಗಲ್‌ಬಂದಿ ಅನ್ನೋ ವಾಟ್ಸಾಪ್ ಬಾಟೂ ಹೆಚ್ಚುಕಮ್ಮಿ ಹಿಂಗೇ. ನಮ್ಮ ದುರ್ಗದ ಕೋಟೇಲಿ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗೇರ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ ಸಂತೆಹೊಂಡದ ತನಕ ನೀರು ಇಳಿಯಲ್ವಾ, ಹಂಗೆ.

ಈಗ ಹಿರಿಯೂರಿನ ಒಬ್ಬಮ್ಮ ‘ಕಡ್ಲೆಕಾಯಿಗೆ ಬೆಳೆವಿಮೆ ಎಷ್ಟು ಕಟ್ಬೇಕು?’ ಅಂತ ಕೇಳಿದ್ಲು ಅಂದ್ಕೊಳ್ಳಿ. ಮುಂಗಾರು ಕಡ್ಲೆಕಾಯಿಗೆ ರೈತರ ಪಾಲು ವಿಮೆ ಮೊತ್ತದ 2% ತನಕ. ಆ್ಯಪು ‘1.5%, ಹಿಂಗಾರಿನಲ್ಲಿ ಕಟ್ಟು’ ಅಂತು. ಅದು ಕಡ್ಲೆ ಬೆಳೆ ಲೆಕ್ಕ! ಅವ್ಳು ನಂಬಿ ಕೂತ್ರೆ ಮುಂಗಾರಿನ ಕಡೇ ದಿನ ದಾಟೋಗ್ತೈತೆ. ಮಳೆ ಕೈಕೊಟ್ರೆ ವಿಮೆಯಿಂದ ಬಿಡಿಗಾಸೂ ಇಲ್ಲ.

ತಪ್ಪು ಎಲ್ಲಾಯ್ತು? ಜಾಡು ಇಲ್ದಿದ್ರೆ ಎಲ್ರೂ ಎಐನೇ ಬೈತಾರೆ. ಜಾಡಿದ್ರೆ ಒಂದೊಂದು ಹೆಜ್ಜೆಗೂ ಏನು ಒಳಗೋಯ್ತು, ಏನು ಹೊರಗ್ಬಂತು, ಎಷ್ಟೊತ್ತು ಹಿಡೀತು ಅಂತ ಬರೆದಿರ್ತೈತೆ. ಒಂದು ಹೆಜ್ಜೆಗೆ ‘ಸ್ಪ್ಯಾನ್’, ಇಡೀ ದಾರಿಗೆ ‘ಟ್ರೇಸ್’ ಅಂತಾರೆ. ಎಲ್ಲಾ ಹೆಜ್ಜೆಗೂ ಒಂದೇ ನಂಬರು. ನಾವು ಪಾತ್ರೆಗೆ ಹೆಸರು ಕೊರೆಸ್ತೀವಲ್ಲ, ಮದುವೆ ಗದ್ದಲದಾಗೆ ಯಾರ ಮನೆ ಸೇರಿದ್ರೂ ಗುರುತು ಸಿಗ್ತೈತೆ, ಹಂಗೆ. ಇದಕ್ಕೆ 2019ರಿಂದ ಓಪನ್‌ಟೆಲಿಮೆಟ್ರಿ ಅನ್ನೋ ಸಲಕರಣೆ ಪುಕ್ಕಟೆ ಸಿಗ್ತೈತೆ. ಜಾಡು ತೆಗೆದು ನೋಡಿದ್ರೆ, ಮೊದಲ್ನೇ ಹೆಜ್ಜೇಲೇ ‘ಕಾಯಿ’ ಬಿದ್ದೋಗಿ ‘ಕಡ್ಲೆ’ ಮಾತ್ರ ಉಳಿದಿರ್ತೈತೆ. ಉತ್ತರ ಬರೆದಿದ್ದರ ತಪ್ಪೇನಿಲ್ಲ, ರಿಪೇರಿ ಆಗ್ಬೇಕಾದ್ದು ಕಿವಿ.

ನಂಗೆ ಒಂದು ದಿಗಿಲಿತ್ತು. ‘ಎಲ್ಲಾ ಬರೆದಿಟ್ರೆ ನಮ್ಮ ಕಾಯಿಲೆ, ಸಾಲ, ಆಧಾರ್ ನಂಬರು ಎಲ್ಲಾ ಅಲ್ಲೇ ಬಿದ್ದಿರ್ತೈತಲ್ಲೇ?’ ಅಂದೆ. ‘ಅಂಥದ್ದನ್ನ ಬರೆಯೋಕೆ ಮುಂಚೇನೇ ಮರೆಮಾಡ್ಬೇಕು ಚಿಕ್ಕಮ್ಮ, ದಿನ ಕಳೆದ್ಮೇಲೆ ಜಾಡನ್ನೂ ಅಳಿಸ್ಬೇಕು. ಅದೂ ನನ್ನ ಕೆಲ್ಸಾನೇ’ ಅಂದ್ಲು. ಕೇಳಿ ಸಮಾಧಾನ ಆತು.

ನಮ್ಮ ಕೈಲೂ ಒಂದು ಜಾಡು ಐತೆ. ಫೋನ್ ಹೇಳಿದ್ದನ್ನ ನಂಬೋ ಮುಂಚೆ, ನೀವು ಕೇಳಿದ್ದನ್ನ ಅದು ಏನಂತ ಬರ್ಕೊಂಡೈತೆ, ಒಂದ್ಸಲ ಮೇಲೆ ಸರಿಸಿ ಓದಿ. ದುಡ್ಡು, ಮಾತ್ರೆ, ಕಡೇ ದಿನದ ವಿಷಯ ಆದ್ರೆ ರೈತ ಸಂಪರ್ಕ ಕೇಂದ್ರಕ್ಕೋ ಡಾಕ್ಟರ ಹತ್ರಕ್ಕೋ ಹೋಗಿ ಕೇಳ್ಕಂಡೇ ಬನ್ನಿ.