ಬದುವಿನ ಮೇಲಿಟ್ಟ ನುಚ್ಚು

ನಮ್ಮನೇಲಿ ಎರಡು ಎಚ್‌ಎಫ್ ಹಸು. ಅವಕ್ಕೆಂದೇ ಬೋರ್‌ವೆಲ್ ಪಕ್ಕದ 10 ಗುಂಟೆಯಲ್ಲಿ ಸೀಮೆಹುಲ್ಲು, ಅಂಚಿಗೆ ಒಂದಿಷ್ಟು ಕುದುರೆ ಮಸಾಲೆ. ಕಳೆದ ಬೇಸಿಗೆಯಲ್ಲಿ ಅಪ್ಪ ಫೋನ್ ಮಾಡಿ, "ಇಲಿಗಳು ಬುಡಕ್ಕೇ ಕಡ್ದು ಮಲಗಿಸ್ತಾವೆ ಕಣ್ಲಾ, ಏನಾರ ಔಸ್ದಿ ತಕಬಾ" ಅಂದ. ನಾನು ಮೀಟಿಂಗ್‌ನಲ್ಲಿದ್ದೆ. "ಆಯ್ತು" ಅಂದೆ.

ಶನಿವಾರ ಊರಿಗೆ ಹೋಗುವಾಗ ಅಂಗಡಿಯಲ್ಲಿ ಕಪ್ಪು ಪುಡಿಯ ಪೊಟ್ಟಣ ಕೊಂಡೆ. ಜಿಂಕ್ ಫಾಸ್ಫೈಡ್. ಹಿಂದಿದ್ದ ಸೂಚನೆ ಓದಲಿಲ್ಲ. ಆಫೀಸಲ್ಲಿ ಜೂನಿಯರ್‌ಗಳಿಗೆ "ಮೊದಲು ಡಾಕ್ಯುಮೆಂಟೇಶನ್ ಓದ್ರಪ್ಪಾ" ಅಂತ ದಿನಾ ಗೊಣಗುವವನೂ ನಾನೇ. ಅಕ್ಕಿ ನುಚ್ಚಿಗೆ ಎಣ್ಣೆ ಸವರಿ, ಕಣ್ಣಳತೆಯಲ್ಲಿ ಪುಡಿ ಕಲೆಸಿ, ಬದುವಿನುದ್ದಕ್ಕೂ ಹಾಕಿ ಮಲಗಿದೆ.

ಬೆಳಗ್ಗೆ ಎರಡು ಇಲಿ ಸತ್ತಿದ್ದವು. ನಮ್ಮ ಕರಿಯ ಒದ್ದಾಡುತ್ತಿದ್ದ. ಅಪ್ಪನ ಹಿಂದೆ 7 ವರ್ಷದಿಂದ ಡೈರಿಗೆ ಹೋಗಿಬರುತ್ತಿದ್ದ ನಾಯಿ. ನುಚ್ಚು ನೆಕ್ಕಿತ್ತೋ, ಸತ್ತ ಇಲಿ ಕಚ್ಚಿತ್ತೋ. ಆ ಪುಡಿ ಹೊಟ್ಟೆಯ ಆಮ್ಲಕ್ಕೆ ತಾಗಿದರೆ ಫಾಸ್ಫೀನ್ ಅನ್ನೋ ವಿಷಾನಿಲ ಏಳುತ್ತೆ, ಅದಕ್ಕೆ ಪ್ರತಿವಿಷ ಇಲ್ಲ. ಪಶುವೈದ್ಯರು ಬರುವಷ್ಟರಲ್ಲಿ ಮುಗಿದಿತ್ತು. ಅವ್ವ ಬಯ್ಯಲಿಲ್ಲ. "ಹುಲ್ಲು ಕುಯ್ವಾಗ ಅದೂ ಜೊತೇಲಿ ಬಂದಿದ್ರೆ?" ಅಂದಳು, ಅಷ್ಟೇ. ಆ ಹುಲ್ಲು ಕೊಯ್ಯೋಕೆ ಯಾರಿಗೂ ಧೈರ್ಯ ಬರಲಿಲ್ಲ. ಒಣಹುಲ್ಲು ಕೊಂಡು ಹಾಕಿದೆವು.

ಇಷ್ಟಾದರೂ ಇಲಿ ಕಮ್ಮಿಯಾಗಲಿಲ್ಲ. ಸ್ವಲ್ಪ ತಿಂದು, ನರಳಿ, ಬದುಕಿಕೊಂಡ ಇಲಿ ಆ ತಿನಿಸನ್ನು ಮತ್ತೆ ಮೂಸೋದೂ ಇಲ್ಲವಂತೆ. ಅದಕ್ಕೇ ವಿಷ ಇಡುವ ಮೊದಲು ಎರಡು ಮೂರು ದಿನ ಬರೀ ನುಚ್ಚು ಇಟ್ಟು ರೂಢಿ ಮಾಡಿಸಬೇಕು. ಪೊಟ್ಟಣ ಕೊಂಡ ದಿನವೇ ಕೇಳಬೇಕಿದ್ದ ಮಾತಿದು.

ಹೋದ ತಿಂಗಳು ರಜೆ ಹಾಕಿ, ಓದಿಕೊಂಡು, ಕೇಳಿಕೊಂಡು ಹೋದೆ. ಮೊದಲ ಸಂಜೆ ಕಂಡ ಬಿಲವನ್ನೆಲ್ಲ ಹಸಿಮಣ್ಣಲ್ಲಿ ಮುಚ್ಚಿದೆವು. ಒಟ್ಟು 31. ಬೆಳಗ್ಗೆ ಮತ್ತೆ ತೆರೆದಿದ್ದು 9. ಮಿಕ್ಕವು ಖಾಲಿ ಮನೆ. ಹಾಗಾದರೆ ಹೋದ ಸಲ ಬದುವಿನುದ್ದಕ್ಕೂ ಇಟ್ಟಿದ್ದು ಯಾರಿಗೆ?

ಈ ಸಲ ಬ್ರೋಮಾಡಿಯೋಲೋನ್ ಬಿಲ್ಲೆ, 0.005 ಪರ್ಸೆಂಟ್. ಕಾಗದದಲ್ಲಿ ಸುತ್ತಿ, ಗ್ಲೌಸ್ ಹಾಕಿ, ಆ 9 ಬಿಲಗಳ ಒಳಗೆ ಎರಡೆರಡು ಇಟ್ಟು ಬಾಯಿ ಮುಚ್ಚಿದೆವು. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತೆ. ಇಲಿ ಸಾಯೋಕೆ ಕೆಲವು ದಿನ ಬೇಕು, ಹಾಗಾಗಿ ಅದಕ್ಕೆ ತಿನಿಸಿನ ಮೇಲೆ ಅನುಮಾನ ಬರಲ್ಲ. ನಾಯಿ ತಿಂದರೂ ಬೇಗ ಗೊತ್ತಾದರೆ ವಿಟಮಿನ್ ಕೆ1 ಕೊಟ್ಟು ಉಳಿಸಿಕೊಳ್ಳುವ ಅವಕಾಶವಿದೆ. ಹಾಗಂತ ಇದೇನೂ ಪ್ರಸಾದ ಅಲ್ಲ. ಸತ್ತ ಇಲಿಯನ್ನು ತಿಂದ ಗೂಬೆ, ಬೆಕ್ಕಿಗೂ ವಿಷ ಏರುತ್ತೆ. ದಿನಾ ಬೆಳಗ್ಗೆ ಹುಡುಕಿ ಹೂಳಬೇಕು. ಉಳಿದ ಬಿಲ್ಲೆ ಎಣಿಸಿ ತೆಗೆಯೋವರೆಗೂ ಆ ಕಡೆ ಹುಲ್ಲು ಕೊಯ್ಯಬಾರದು.

ನೀವೂ ವೀಕೆಂಡಿಗೆ ಊರಿಗೆ ಹೋಗಿ, ಸಮಸ್ಯೆ ಬಗೆಹರಿಸಿ, ಭಾನುವಾರ ರಾತ್ರಿ ಬಸ್ಸು ಹತ್ತುವವರಾದರೆ ಒಂದು ಮಾತು: ಸೇಫ್ ಅನ್ನೋದು ಪೊಟ್ಟಣದೊಳಗೆ ಬರಲ್ಲ. ಅದು ಆಮೇಲಿನ ಹತ್ತು ಬೆಳಗಿನ ಕೆಲಸ. ನಮ್ಮನೇಲಿ ಅದನ್ನು ಮಾಡಿದ್ದು ಅಪ್ಪ, ಅವ್ವ.

ಮೊನ್ನೆ ಅಪ್ಪ ಫೋನ್ ಮಾಡಿದ್ದ. "18 ಇಟ್ಟಿದ್ದು, 5 ವಾಪಸ್ ತಗ್ದಿದೀವಿ. ನಿಮ್ಮವ್ವ ಡೈರಿ ಪುಸ್ತಕದ ಹಿಂದೆ ಬರ್ಕೊಂಡವ್ಳೆ." ಸ್ವಲ್ಪ ತಡೆದು, "ಪಕ್ಕದ ಮನೇರು ನಾಯಿಮರಿ ಕೊಡ್ತೀವಿ ಅಂತಾವ್ರೆ, ತರ್ಲಾ?" ಅಂದ.

"ತಗೊಂಬಾ. ಆದ್ರೆ ಇನ್ನೊಂದು ವಾರ ಬಿಟ್ಟು" ಅಂದೆ.