ಹಲ್ಲು ಬರುವಾಗ ಬಾಟಲಿ ಬೇಡವೆಂದರೆ

ನನ್ನ ಮಗಳಿಗೆ ಏಳು ತಿಂಗಳು. ಕೆಳಗಿನ ವಸಡು ಊದಿಕೊಂಡ ದಿನದಿಂದ ಪುಡಿಹಾಲಿನ ಬಾಟಲಿ ಕಂಡರೆ ಸಾಕು, ಮುಖ ತಿರುಗಿಸಿ ಅಳೋಳು. ನನ್ನ ಎದೆಹಾಲು ಮೊದಲೇ ನಿಂತಿತ್ತು, ಇದೊಂದೇ ಆಧಾರ. ಎರಡು ದಿನ ಹೀಗೇ ಆದಾಗ ನನಗೂ ಅನ್ನ ಇಳೀಲಿಲ್ಲ.

ನ್ಯಾಮತಿಯಿಂದ ನಮ್ಮ ಹೊನ್ನಾಳಿ ಮನೆಗೆ ಬಂದ ಅಮ್ಮ, "ವಸಡು ನೋಯುವಾಗ ಚೀಪು ಅಂದ್ರೆ ಕೂಸು ಹೆಂಗೆ ಚೀಪುತ್ತೆ? ಒಳಲೆ ತಗಂಬಾ" ಅಂದರು. ಮೊದಲು ಫ್ರಿಜ್ಜಿನಲ್ಲಿಟ್ಟ ಒದ್ದೆ ಬಟ್ಟೆ ಕಚ್ಚಲು ಕೊಟ್ಟೆ. ಆಮೇಲೆ ಕೂಸನ್ನು ನೆಟ್ಟಗೆ ಕೂರಿಸಿಕೊಂಡು, ಕುದಿಸಿ ತೊಳೆದ ಒಳಲೆಯನ್ನು ತುಟಿಗೆ ತಾಗಿಸಿ ಗುಟುಕು ಗುಟುಕಾಗಿ ಕುಡಿಸಿದೆವು. ಸ್ವಲ್ಪ ಸ್ವಲ್ಪವೇ, ಆದರೆ ಹೆಚ್ಚು ಸಲ. ಬೇಯಿಸಿ ಆರಿಸಿದ ರಾಗಿ ಸರಿಗೂ ಅದೇ ಹಾಲು ಬೆರೆಸಿದೆ. ಐದನೇ ದಿನ ಒಳಲೆ ತಾಗಿ 'ಟಿಕ್' ಅಂತು: ಅಕ್ಕಿಕಾಳಿನಂಥ ಹಲ್ಲು!

ಇಂಥ ದಿನಗಳಲ್ಲಿ ಪುಡಿ ಕಡಿಮೆ ಮಾಡಿ ನೀರು ಹೆಚ್ಚಿಸಬೇಡಿ. ಕುಡಿದು ಉಳಿದ ಹಾಲನ್ನು ಮತ್ತೆ ಕುಡಿಸಬೇಡಿ. ವರ್ಷ ತುಂಬುವವರೆಗೆ ವಸಡಿಗೆ ಜೇನು ಹಚ್ಚಬೇಡಿ. ಉಚ್ಚೆ ತೀರಾ ಕಡಿಮೆಯಾದರೆ, ಬಾಯಿ ಒಣಗಿದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ "ಹಲ್ಲು ಬರ್ತಿದೆ ಬಿಡು" ಅಂತ ಸುಮ್ಮನಿರದೆ ಡಾಕ್ಟರಿಗೆ ತೋರಿಸಿ.