ಪೆನ್‌ಡ್ರೈವ್‌ನೊಳಗೊಂದು ಹುಳು ಮನೆ

ನಮ್ಮಪ್ಪನ ಹತ್ತಿರ ಮೂರು ಬಿಸ್ಕತ್ ಡಬ್ಬಗಳಿದ್ದವು. ಒಂದರಲ್ಲಿ ಕನ್ನಡದ ಕ್ಯಾಸೆಟ್‌ಗಳು, ಇನ್ನೊಂದರಲ್ಲಿ ತೆಲುಗಿನವು, ಮತ್ತೊಂದರಲ್ಲಿ ಹಿಂದಿಯವು. ಒಂದು ಡಬ್ಬದ್ದು ಇನ್ನೊಂದಕ್ಕೆ ಸೇರಿದರೆ ಅವತ್ತು ಮನೆಯಲ್ಲಿ ಎಲ್ಲರಿಗೂ ಬೈಗುಳ. ಅಪ್ಪ ಹೋದಮೇಲೆ ಅವನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಸಿದೆ. ಒಟ್ಟು 312 ಹಾಡುಗಳಾದವು. ಕಾರಿನಲ್ಲಿ ಅದನ್ನು ಸಿಕ್ಕಿಸಿ ‘ಶಫಲ್’ ಒತ್ತಿದರೆ, ಮೂರೂ ಡಬ್ಬಗಳು ಅಟ್ಟದಿಂದ ಒಟ್ಟಿಗೆ ಉರುಳಿಬಿದ್ದ ಹಾಗಾಗುತ್ತದೆ.

ದಸರಾ ರಜೆಗೆ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಬೆಂಗಳೂರಿನಿಂದ ಶಿಡ್ಲಘಟ್ಟದ ಪಕ್ಕದ ನಮ್ಮೂರಿಗೆ ಹೊರಟೆ. ಮಗ ಒಂದು ನಿಯಮ ಮಾಡಿದ. ಯಾವ ಹಾಡು ಬಂದರೂ ಕೇಳಬೇಕು, ಯಾರೂ ಬದಲಾಯಿಸುವಂತಿಲ್ಲ!

ದೇವನಹಳ್ಳಿ ಹತ್ತಿರ ಬರುವಾಗ ‘ನಿತ್ಯೋತ್ಸವ’ ಬಂತು. ನನಗೆ ಮೈ ಜುಮ್ಮೆಂದಿತು. ಅದನ್ನು ಬರೆದ ನಿಸಾರ್ ಅಹಮದ್ ಹುಟ್ಟಿದ್ದು ಅದೇ ದೇವನಹಳ್ಳಿಯಲ್ಲಿ, 1936ರಲ್ಲಿ. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಆ ಧ್ವನಿಸುರುಳಿ 1978ರಲ್ಲಿ ಬಂದಾಗ, ಕನ್ನಡ ಭಾವಗೀತೆಗಳಿಗೆ ಅದೇ ಮೊದಲ ಕ್ಯಾಸೆಟ್. ಇಷ್ಟನ್ನೂ ಮಕ್ಕಳಿಗೆ ಹೇಳಿ ಮುಗಿಸುವಷ್ಟರಲ್ಲಿ ಊರು ಹಿಂದೆ ಸರಿದಿತ್ತು. ಹೀಗೆ ಹೊಂದಿ ಬರುವುದು ಅಪರೂಪ ಬಿಡಿ. ಅದರ ಬೆನ್ನಿಗೇ, ಬೆಳಿಗ್ಗೆ ಹನ್ನೊಂದು ಗಂಟೆಯ ಬಿಸಿಲಲ್ಲಿ, ತಿರುಪತಿಯ ವೆಂಕಟರಮಣನನ್ನು ಎಬ್ಬಿಸುವ ಸುಪ್ರಭಾತ ಶುರುವಾಯಿತು. “ಇಷ್ಟೊತ್ತಾದ್ರೂ ದೇವರು ಎದ್ದಿಲ್ವಾ?” ಎಂದಳು ಮಗಳು.

ವಿಜಯಪುರ ದಾಟಿದರೆ ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ ತೋಟ. ಅಲ್ಲಿ ಪಿ.ಬಿ. ಶ್ರೀನಿವಾಸ್ ಹಾಡತೊಡಗಿದರು. ಎಷ್ಟೋ ವರ್ಷ ರಾಜ್‌ಕುಮಾರರ ಹಾಡುವ ದನಿಯಾಗಿದ್ದ ಅವರು ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ. ಅಪ್ಪನ ಲೆಕ್ಕದಲ್ಲಿ ಮಾತ್ರ ಅವರು ಕನ್ನಡದ ಡಬ್ಬ, ಅದರಲ್ಲಿ ಎರಡು ಮಾತಿರಲಿಲ್ಲ. ನಮ್ಮ ಕಡೆಯೂ ಹಾಗೇ ಅಲ್ಲವೇ? ಮನೆಯೊಳಗೆ ತೆಲುಗು, ಸ್ಕೂಲಿನಲ್ಲಿ ಕನ್ನಡ, ಶಿಡ್ಲಘಟ್ಟದ ಪೇಟೆಗೆ ಹೋದರೆ ಉರ್ದು. ನಡುವೆ ಗೋಡೆ ಎಲ್ಲಿದೆ ಎಂದು ಯಾರೂ ಹುಡುಕುವುದಿಲ್ಲ.

ಆ ಹಾಡು ಮುಗಿದದ್ದೇ ಪ್ಲೇಯರ್‌ನಲ್ಲಿ ಗೊರಗೊರ ಸದ್ದು. ಆಮೇಲೆ ಒಬ್ಬ ಮುದುಕಿಯ ಗುನುಗು. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ತೋಟದ ಬದಿಗೆ ಕಾರು ನಿಲ್ಲಿಸಿದೆ.

ನಮ್ಮಜ್ಜಿಯ ದನಿ ಅದು. ಹುಳು ಮನೆಯಲ್ಲಿ ಕೂತು ಸೊಪ್ಪು ಹೆಚ್ಚುತ್ತಾ ಹೇಳುತ್ತಿದ್ದ ಜೋಗುಳ. ಸಾಲಿನ ಅರ್ಧ ಕನ್ನಡ, ಅರ್ಧ ತೆಲುಗು. ಅಪ್ಪ ಯಾವತ್ತೋ ಟೇಪ್‌ರೆಕಾರ್ಡರ್ ಇಟ್ಟು ಹಿಡಿದುಕೊಂಡಿದ್ದರು. ಒಂದು ಚರಣ ಮುಗಿಯುವಷ್ಟರಲ್ಲಿ ಅಜ್ಜಿ ಹಾಡು ನಿಲ್ಲಿಸಿ, “ಸೊಪ್ಪು ಸಾಲಲ್ಲ ಕಣೋ, ತೋಟಕ್ಕೆ ಓಡು” ಎನ್ನುತ್ತಾಳೆ. ಚಪ್ಪಲಿಯ ಸದ್ದು ದೂರ ಹೋಗುತ್ತದೆ. ಟೇಪ್ ನಿಲ್ಲಿಸುವುದನ್ನು ಇಬ್ಬರೂ ಮರೆತಿದ್ದಾರೆ. ಉಳಿದ ಅಷ್ಟು ಹೊತ್ತೂ ಬರೀ ಜಿಟಿಜಿಟಿ ಮಳೆ.

“ಹಾಡೇ ಇಲ್ವಲ್ಲಮ್ಮ, ಹಾಳಾಗಿದೆ. ಡಿಲೀಟ್ ಮಾಡ್ಲಾ?” ಎಂದ ಮಗ.

ಅದು ಮಳೆಯಲ್ಲ, ಹುಳು ಸೊಪ್ಪು ತಿನ್ನುವ ಸದ್ದು ಎಂದೆ. ಇಬ್ಬರೂ ನಂಬಲಿಲ್ಲ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ, ತಲೆಯೆತ್ತಿ ಸುಮ್ಮನಿರುತ್ತದೆ, ಹುಳು ಮನೆಯಲ್ಲೆಲ್ಲ ಮೌನ. ನಾಲ್ಕನೇ ಜ್ವರ ಎದ್ದಮೇಲೆ ನೋಡಬೇಕು! ತನ್ನ ಇಡೀ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ಹೆಚ್ಚಿನ ಪಾಲನ್ನು ಆ ಕೊನೆಯ ಒಂದು ವಾರದಲ್ಲೇ ಮುಗಿಸುತ್ತದೆ. ಸಾವಿರಾರು ಹುಳು ಒಟ್ಟಿಗೆ ಮೇಯುವಾಗ ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ ಕೇಳುತ್ತದೆ. ನಾನು ಆ ಸದ್ದಿನಲ್ಲಿ ನಿದ್ದೆ ಮಾಡಿ ಬೆಳೆದವಳು. ಅಜ್ಜಿಯ ಜೋಗುಳದ ಮುಂದಿನ ಚರಣ ಏನು ಎಂದು ಮಗಳು ಕೇಳಿದಾಗ ಮಾತ್ರ ಬಾಯಿಗೆ ಏನೂ ಬರಲಿಲ್ಲ. ಎಷ್ಟು ರಾತ್ರಿ ಕೇಳಿದ್ದೆ! ರಾಗವಿದೆ, ಮಾತಿಲ್ಲ.

ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆ ನೋಡಲೇಬೇಕೆಂದು ಮಕ್ಕಳ ಹಟ. ರಾಮನಗರದ್ದನ್ನು ಬಿಟ್ಟರೆ ಇಷ್ಟು ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. ಹಿಂದೆ ಹರಾಜು ಕೂಗುವ ಗದ್ದಲವಿತ್ತು, ಈಗ ಇ-ಹರಾಜು. ರೀಲರುಗಳು ಮೊಬೈಲ್ ನೋಡಿಕೊಂಡು ಸುಮ್ಮನೆ ಬೆಲೆ ಒತ್ತುತ್ತಾರೆ. ಅಲ್ಲಿಂದ ಅಪ್ಪನ ಪರಿಚಯದ ರೀಲರ್ ಭಾಯಿಯೊಬ್ಬರ ಘಟಕಕ್ಕೆ ಹೋದೆವು. ಬೇಯಿಸಿದ ಗೂಡಿನ ಆ ವಾಸನೆಗೆ ಮಗ ಮೂಗು ಹಿಡಿದ. ಆದರೆ ಬಿಸಿನೀರಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದಂಥ ಎಳೆಯನ್ನು ಹೆಂಗಸೊಬ್ಬರು ಬೆರಳಲ್ಲೇ ಹೆಕ್ಕಿ ತೆಗೆದಾಗ ಮೂಗು ಬಿಟ್ಟು ಬಾಯಿ ತೆರೆದ. ಒಂದೇ ಗೂಡಿನಲ್ಲಿ ನೂರಾರು ಮೀಟರ್ ಎಳೆ. ಅಂಥ ಏಳೆಂಟು ಸೇರಿದರೆ ಒಂದು ನೂಲು.

ಅಲ್ಲಿ ರೇಡಿಯೊದಲ್ಲಿ ರಫಿ. ಅಪ್ಪನ ಹಿಂದಿ ಡಬ್ಬ ತುಂಬಿದ್ದು ಈ ಬೆಂಚಿನ ಮೇಲೆ ಕೂತು ಹಣಕ್ಕೆ ಕಾಯುವಾಗ ಕೇಳಿದ ಹಾಡುಗಳಿಂದಲೇ. “ನಿಮ್ಮಪ್ಪನಿಗೆ ಒಂದು ಕ್ಯಾಸೆಟ್ ಮಾಡಿಸಿಕೊಟ್ಟಿದ್ದೆ ಬೇಟಿ, ರಫಿಸಾಬ್ ಕನ್ನಡದಲ್ಲಿ ಹಾಡಿದ್ದು” ಎಂದರು ಭಾಯಿ. 1967ರ ‘ಒಂದೇ ಬಳ್ಳಿಯ ಹೂಗಳು’ ಸಿನಿಮಾದ ಹಾಡು ಅದು. ಅಷ್ಟು ಕಟ್ಟುನಿಟ್ಟಿನ ಅಪ್ಪ ಅದನ್ನು ಮೂರೂ ಡಬ್ಬಗಳಿಗೆ ಸೇರಿಸದೆ ಅಂಗಿಯ ಬೀರುವಿನಲ್ಲಿ ಇಟ್ಟುಕೊಂಡಿದ್ದರು!

ಊರು ತಲುಪಿದ ಮೇಲೆ ಅತ್ತೆಗೆ ಅಜ್ಜಿಯ ಟೇಪ್ ಕೇಳಿಸಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎರಡನೇ ಚರಣ ಎತ್ತಿಕೊಂಡರು, ತೆಲುಗಿನಲ್ಲಿ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದಲೇ, “ಅದಲ್ಲ ಕಣೇ, ಅದು ಕನ್ನಡದಾಗೆ ಬರ್ತದೆ” ಎಂದು ಬೇರೆಯದನ್ನೇ ಹೇಳಿದರು. “ನಮ್ಮಮ್ಮನ ಹಾಡು ನಂಗೆ ಗೊತ್ತಿಲ್ವಾ?” “ನಿಮ್ಮಮ್ಮಂಗೆ ಹೇಳಿಕೊಟ್ಟೋಳೇ ನಾನು!” ಜಗಳ ಸೊಪ್ಪು ಹಾಕುವ ಹೊತ್ತಿನವರೆಗೂ ನಡೆಯಿತು. ಮಗ ಎರಡನ್ನೂ ಮೊಬೈಲಿನಲ್ಲಿ ಹಿಡಿದುಕೊಂಡ.

ಈಗ ಪೆನ್‌ಡ್ರೈವ್‌ನಲ್ಲಿ 314 ಇವೆ. ಮೂರನೇ ಚರಣವೂ ಉಂಟಂತೆ. ಚಿಂತಾಮಣಿಗೆ ಕೊಟ್ಟಿರುವ ದೊಡ್ಡತ್ತೆಗೆ ಅದು ಗೊತ್ತಿರಬೇಕು ಎಂದರು ಇಬ್ಬರೂ, ಅದೊಂದು ಮಾತಿಗೆ ಮಾತ್ರ ಒಪ್ಪಿಕೊಂಡು. ದೊಡ್ಡತ್ತೆಗೆ ಎಂಬತ್ತು ದಾಟಿದೆ. ದೀಪಾವಳಿವರೆಗೆ ಕಾಯುವುದು ಬೇಡ, ಈ ಭಾನುವಾರವೇ ಹೋಗೋಣ ಎನ್ನುತ್ತಿದ್ದಾನೆ ಮಗ.